ಇಪ್ಪತ್ತನಾಲ್ಕು ಬಿಳಿ ಕಾಲರ್

ಒಂಬತ್ತು ವರ್ಷದ ಹಿಂದೆ ಟೈಲರಮ್ಮ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಂಡಿಯೂರಿ ನುಗ್ಗಿ ಮಗಳಿಗೆ ಒಂದು ಮಾತು ಕೊಟ್ಟಿದ್ದಳು. ಅವತ್ತು ಇಸ್ತ್ರಿ ಪೆಟ್ಟಿಗೆಯನ್ನು ಗಿರಾಕಿಯ ಅಂಗಿಯ ಮೇಲೆ ಮರೆತು ಬಿಟ್ಟವಳು ಟೈಲರಮ್ಮನೇ. ಆದರೆ ಗಿರಾಕಿ ಕಣ್ಣು ಕೆಂಪಗೆ ಮಾಡಿ ನಿಂತಾಗ, “ಇವಳ ಕೈಗೆ ಸಿಕ್ಕಿದ್ದು ಉದ್ಧಾರ ಆದ ಹಾಗೇ!” ಎಂದು ಏಳು ವರ್ಷದ ಹುಡುಗಿಯ ತಲೆಗೆ ಕಟ್ಟಿಬಿಟ್ಟಿದ್ದಳು. ಹುಡುಗಿ ಮಧ್ಯಾಹ್ನವೆಲ್ಲ ಮೇಜಿನ ಕೆಳಗೆ ಚೂರುಬಟ್ಟೆಗಳ ರಾಶಿಯಲ್ಲಿ ಕೂತಿತ್ತು.

“ಇನ್ಮೇಲೆ ನನ್ನ ತಪ್ಪನ್ನ ನಿನ್ನ ತಲೆಗೆ ಕಟ್ಟಲ್ಲ ಕಣೇ. ನಾಲ್ಕು ಜನರ ಎದುರು ಅಂತೂ ಇಲ್ವೇ ಇಲ್ಲ.”

“ಆಣೆ?”

“ನಿನ್ನಾಣೆ.”

“ನನ್ನಾಣೆ ಬೇಡ. ಹೊಲಿಗೆ ಮೆಷಿನ್ ಆಣೆ ಹಾಕು.”

ಟೈಲರಮ್ಮ ನಗು ತಡೆದುಕೊಂಡು ಮೆಷಿನ್ ಮೇಲೆ ಆಣೆ ಹಾಕಿದಳು. ಸುಳ್ಳಾಡಿದರೆ ಹೊಟ್ಟೆಯ ಮೇಲೇ ಹೊಡೆತ ಬೀಳುತ್ತದೆ ಎಂದು ಆ ವಯಸ್ಸಿಗೇ ಹುಡುಗಿಗೆ ಗೊತ್ತಿತ್ತು.

ಹುಡುಗಿಯನ್ನು ಮನೆಯಲ್ಲಿ ಗುಂಡಿ ಎಂದು ಕರೆಯುತ್ತಿದ್ದರು. ಎರಡು ವರ್ಷದವಳಿದ್ದಾಗ ಕೋಟಿನ ಗುಂಡಿಯೊಂದನ್ನು ನುಂಗಿದ್ದರಿಂದ ಅಂಟಿದ ಹೆಸರು ಅದು. ಈಗ ಅವಳಿಗೆ ಹದಿನಾರು. ಬಡಾವಣೆಯ ಹಾಡುಗಾರರ ತಂಡದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತಾಳೆ. ಮನೆಯ ಲ್ಯಾಪ್‌ಟಾಪಿನ ಯಜಮಾನಿಕೆಯೂ ಅವಳದ್ದೇ.

ಆ ಲ್ಯಾಪ್‌ಟಾಪ್ ಟೈಲರಮ್ಮನ ತಮ್ಮ ತನ್ನ ಆಫೀಸಿನಿಂದ ತಂದುಕೊಟ್ಟದ್ದು. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಹಲಗೆಯಂತೆ ಮೇಜಿನ ಮೇಲೆ ಮಲಗುತ್ತಿತ್ತು. ಬೆರಳಿನಿಂದ ಮುಟ್ಟಿದರೂ ಕೇಳುತ್ತಿತ್ತು. ಬೇರೆಯವರು ಅದರಲ್ಲಿ ಪತ್ರ ಬರೆದರೆ ಟೈಲರಮ್ಮ ಅದನ್ನು ದೀಪದ ಹಲಗೆ ಮಾಡಿಕೊಂಡಿದ್ದಳು. ಕಾಲರ್, ಕಫ್, ಜೇಬಿನ ಮುಚ್ಚಳ, ಹೀಗೆ ಸಣ್ಣ ಭಾಗಗಳ ನಕ್ಷೆಯನ್ನು ಪರದೆಯ ಮೇಲೆ ತೆರೆದು, ಅದರ ಮೇಲೆ ತೆಳು ಕಾಗದ ಹಾಸಿ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುವುದು. ನಕ್ಷೆಯನ್ನು ಶೇಕಡ ನೂರ ಇಪ್ಪತ್ತಕ್ಕೆ ಹಿಗ್ಗಿಸಿದರೆ ಟೇಪಿನ ಅಳತೆಗೆ ಸರಿಯಾಗಿ ಕೂರುತ್ತದೆ ಎಂದು ಯಾವಾಗಲೋ ಕಂಡುಕೊಂಡಿದ್ದಳು. ಆಮೇಲೆ ನೂರ ಇಪ್ಪತ್ತು ಅವಳಿಗೆ ಮಗ್ಗಿಯಾಯಿತು.

ಐದು ವರ್ಷಕ್ಕೆ ಅದರ ಮಡಿಕೆಯ ಕೀಲು ಬಿರುಕು ಬಿಟ್ಟಿತು. ಅದೇ ಕಂಪನಿಯ, ಅದೇ ಹೆಸರಿನ ಹೊಸ ತಲೆಮಾರಿನದು ಮನೆಗೆ ಬಂತು. ಗುಂಡಿ ಎರಡನ್ನೂ ವಾರವಿಡೀ ಅಕ್ಕಪಕ್ಕ ಇಟ್ಟುಕೊಂಡು ಪರೀಕ್ಷೆ ಮಾಡಿದಳು, ಹೆಣ್ಣು ನೋಡಲು ಹೋದವರು ಅಕ್ಕ ತಂಗಿಯರನ್ನು ತೂಗಿದ ಹಾಗೆ.

“ಅಕ್ಕ ದಪ್ಪ, ತಂಗಿ ತೆಳು. ಅಕ್ಕನ ಪೆನ್ನು ಎಲ್ಲಿಟ್ಟರೂ ಕಳೆದುಹೋಗತ್ತೆ, ತಂಗಿಗೆ ಪೆನ್ನಿಗೇ ಒಂದು ಗೂಡು ಇದೆ. ಅಕ್ಕನಿಗೆ ಒಂದು ಗಂಟೆ ಓಡಿದ್ರೇ ಜ್ವರ ಬರತ್ತೆ, ತಂಗಿ ತಣ್ಣಗಿರ್ತಾಳೆ.”

“ಅಕ್ಕನ ಗುಣ ಏನೂ ಇಲ್ವೇನೇ ಹಾಗಾದ್ರೆ?”

“ಕೀಬೋರ್ಡು ಅಕ್ಕನದೇ ಚೆನ್ನಾಗಿದೆ. ಆಮೇಲೆ ಅಮ್ಮಾ, ಇದು ಮುಖ್ಯ, ಕೇಳು. ತಂಗಿಯ ಪರದೆಯಲ್ಲಿ ಚುಕ್ಕಿಗಳು ಒತ್ತೊತ್ತಾಗಿವೆ. ನೂರ ಇಪ್ಪತ್ತಕ್ಕೆ ಇಟ್ಟರೆ ನಕ್ಷೆ ಚಿಕ್ಕದಾಗಿ ಬರತ್ತೆ. ಗೆರೆ ಎಳೆಯೋ ಮೊದಲು ಟೇಪ್ ಇಟ್ಟು ನೋಡು.”

“ಆಯ್ತಮ್ಮ, ಪಂಡಿತೆ.”

“ಆಯ್ತು ಅಂದ್ರೆ ಕೇಳಿಸ್ತು ಅಂತಾನಾ, ನೋಡ್ತೀನಿ ಅಂತಾನಾ?”

“ಇಪ್ಪತ್ತು ವರ್ಷದಿಂದ ಹೊಲೀತಿದ್ದೀನಿ ಕಣೇ. ನನ್ನ ಕಣ್ಣೇ ಟೇಪು.”

ಆ ತಿಂಗಳೇ ಹಾಡುಗಾರರ ತಂಡದ ಕೆಲಸ ಬಂತು. ನಿಲುವಂಗಿಗಳು ಅವರಲ್ಲೇ ಇದ್ದವು. ಅವುಗಳ ಮೇಲೆ ಕುತ್ತಿಗೆಗೆ ಗುಂಡಿ ಹಾಕಿಕೊಳ್ಳುವ ಬಿಡಿ ಕಾಲರ್ ಇಪ್ಪತ್ತನಾಲ್ಕು ಬೇಕಿತ್ತು. ಸಂಗೀತದ ಮೇಡಂ ದೊಡ್ಡವರದು, ಚಿಕ್ಕವರದು ಎಂದು ಎರಡು ನಕ್ಷೆ ಕಳಿಸಿದ್ದರು. ಹಗಲು ಗಾರ್ಮೆಂಟ್ ಫ್ಯಾಕ್ಟರಿಯ ದುಡಿತ, ಸಂಜೆ ಮನೆಯ ದುಡಿತ. ಟೈಲರಮ್ಮ ಹೊಸ ‘ತಂಗಿ’ಯನ್ನು ಮೇಜಿನ ಮೇಲೆ ಮಲಗಿಸಿ, ನೂರ ಇಪ್ಪತ್ತಕ್ಕೆ ಇಟ್ಟು, ಗೆರೆ ಎಳೆದಳು. ಟೇಪು ಅವಳ ಕೊರಳಲ್ಲೇ ನೇತಾಡುತ್ತಿತ್ತು. ಕೆಳಗಿಳಿಸುವಷ್ಟು ವ್ಯವಧಾನ ಇರಲಿಲ್ಲ, ಅಷ್ಟೆ. ಕಾಲರುಗಳು ಹೂವಿನ ಹಾಗೆ ಬಂದವು. ಗಂಜಿ ಹಾಕಿ ಇಸ್ತ್ರಿ ಮಾಡಿದಾಗ ಅವಳಿಗೇ ದೃಷ್ಟಿ ತೆಗೆಯಬೇಕು ಅನ್ನಿಸಿತು.

ತೊಡಿಸಿ ನೋಡುವ ದಿನ ತಾಯಿ ಮಗಳಿಬ್ಬರೂ ಕಾಲರುಗಳ ಡಬ್ಬಿ ಹೊತ್ತು ಅಭ್ಯಾಸದ ಹಾಲ್‌ಗೆ ಹೋದರು. ಮೊದಲು ಮುಂದೆ ಬಂದವನು ಬ್ಯಾಂಕಿನ ಗುಮಾಸ್ತ, ಆರಡಿ ಆಳು, ದಪ್ಪ ದನಿಯವನು. ಕಾಲರ್ ಸುತ್ತಿದರೆ ಗುಂಡಿಗೂ ಕಾಜಿಗೂ ನಡುವೆ ಎರಡು ಬೆರಳು ಜಾಗ ಉಳಿಯಿತು.

“ಟೈಲರಮ್ಮ, ಹಾಡೋಕೆ ಕರೆದಿದ್ದೀರೋ, ನೇಣು ಹಾಕೋಕೋ?” ಎಂದ. ಹಾಲ್ ಘೊಳ್ಳೆಂದಿತು.

ಎರಡನೆಯವರಿಗೂ ಹಾಗೇ. ಮೂರನೆಯ ಹೆಂಗಸು ಉಸಿರು ಬಿಗಿಹಿಡಿದು ಗುಂಡಿ ಹಾಕಿ, ಒಂದು ಸ್ವರ ಎತ್ತುವಷ್ಟರಲ್ಲಿ ಗುಂಡಿ ಕಿತ್ತು ಹಾರಿತು. ಟೈಲರಮ್ಮನಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ನೂರ ಇಪ್ಪತ್ತು. ಪರದೆ. ಟೇಪ್ ಇಟ್ಟು ನೋಡು ಅಂದ ಮಗಳ ದನಿ.

“ಏನಿದು?” ಸಂಗೀತದ ಮೇಡಂ ಕಾಲರನ್ನು ಎತ್ತಿ ಹಿಡಿದರು. “ನಾನು ಕಳಿಸಿದ ಅಳತೆ ಸರಿಯಾಗೇ ಇತ್ತಲ್ಲ?”

“ಅಳತೆ ಸರಿಯಾಗೇ ಇತ್ತು ಮೇಡಂ,” ಎಂದಳು ಟೈಲರಮ್ಮ. ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಯಿ ನಿಲ್ಲಲಿಲ್ಲ. “ಮಗಳು ಕಂಪ್ಯೂಟರ್ ಬದಲಾಯಿಸಿದ್ದಾಳೆ. ಅದರಲ್ಲಿ ಏನು ಒತ್ತಿದ್ದಾಳೋ ಏನೋ, ನಕ್ಷೆಯೇ ಚಿಕ್ಕದಾಗಿಬಿಟ್ಟಿದೆ. ಈಗಿನ ಮಕ್ಕಳ ಕೈ ಗೊತ್ತಲ್ಲ, ಸುಮ್ಮನಿರಲ್ಲ.”

ಇಪ್ಪತ್ತಮೂರು ಮುಖಗಳು ಗುಂಡಿಯ ಕಡೆ ತಿರುಗಿದವು. ಅವಳು ದಿನಾ ಜೊತೆಯಲ್ಲಿ ನಿಂತು ಹಾಡುವ ಜನ ಅವರು.

“ಅಮ್ಮನ ಕೆಲಸದಲ್ಲಿ ಆಟ ಆಡ್ತಾರೇನಮ್ಮ?” ಮೇಡಂ ಕೇಳಿದರು.

ಗುಂಡಿ ತಾಯಿಯ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಏನಾದರೂ ಹೇಳುತ್ತಾಳೇನೋ ಎಂದು ಕಾದಂತೆ. ಟೈಲರಮ್ಮ ಥಟ್ಟನೆ ಸೂಜಿಯ ಡಬ್ಬಿ ತೆರೆದು ನಾಲ್ಕು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು. ದರ್ಜಿಯ ಬಾಯಲ್ಲಿ ಸೂಜಿ ಇದ್ದರೆ ಯಾರೂ ಉತ್ತರ ಕೇಳುವುದಿಲ್ಲ. ತಲೆ ತಗ್ಗಿಸಿ ಗುಮಾಸ್ತನ ಕುತ್ತಿಗೆ ಅಳೆಯತೊಡಗಿದಳು.

“ನಾನು ನೋಡ್ಬೇಕಿತ್ತು ಮೇಡಂ. ತಪ್ಪಾಯ್ತು,” ಎಂದಳು ಗುಂಡಿ.

ಮನೆಗೆ ಬಂದು ಡಬ್ಬಿ ಇಳಿಸಿದ ಮೇಲೆ ಟೈಲರಮ್ಮ ಮಗಳ ಹಿಂದೆ ಅಡುಗೆಮನೆಗೆ ಹೋದಳು.

“ನನ್ನ ತಪ್ಪು ಕಣೇ. ನೀನು ಹೇಳಿದ್ದೆ. ನಾನೇ ಟೇಪ್ ಇಡಲಿಲ್ಲ.”

“ಗೊತ್ತು.”

“ಯಾಕೆ ಒಪ್ಪಿಕೊಂಡೆ ಮತ್ತೆ?”

“ಇಬ್ಬರೂ ಅಲ್ಲಿ ಕಿತ್ತಾಡೋದಾ? ಮೊದಲೇ ನಗ್ತಿದ್ರು.” ಗುಂಡಿ ಲೋಟಕ್ಕೆ ನೀರು ಬಗ್ಗಿಸಿಕೊಂಡಳು. “ಆದ್ರೆ ಅಮ್ಮಾ, ಇಲ್ಲಿ ಹೇಳಿದ್ದು ಈ ಗೋಡೆಗಳಿಗೆ ಮಾತ್ರ ಕೇಳಿಸತ್ತೆ.”

“ಅಲ್ಲೇ ಹೇಳ್ತೀನಿ. ಹೊಸ ಕಾಲರ್ ಕೊಡೋಕೆ ಹೋದಾಗ, ಎಲ್ಲರ ಎದುರಿಗೇ.”

ಮಗಳು ನೀರು ಕುಡಿದು ಲೋಟ ತೊಳೆದು ಬೋರಲು ಹಾಕಿದಳು.

ಐದು ಸಂಜೆ ಇಬ್ಬರೂ ಕೂತು ಹೊಸದಾಗಿ ಹೊಲಿದರು. ಗುಂಡಿ ಪರದೆಯ ಮೇಲೆ ಟೇಪ್ ಇಟ್ಟು ನಕ್ಷೆಯನ್ನು ಹಿಗ್ಗಿಸಿಕೊಟ್ಟಳು, ತಾಯಿ ಗೆರೆ ಎಳೆದಳು. ಕಾಜು ಹಾಕುವಾಗ ಟೈಲರಮ್ಮ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಲಿದು ಬಿಚ್ಚಿ ಹೊಲಿಯುತ್ತಿದ್ದಳು. ಮೇಡಂ, ಅವತ್ತು ನಾನು ಸುಳ್ಳು ಹೇಳಿದೆ. ಐದೇ ಪದ. ಇಪ್ಪತ್ತನಾಲ್ಕು ಕಾಲರಿಗಿಂತ ಭಾರವಾಗಿದ್ದವು.

ಹಾಲ್‌ನಲ್ಲಿ ಈ ಸಲ ಕಾಲರುಗಳು ಎಲ್ಲರಿಗೂ ಸರಿಯಾಗಿ ಕೂತವು. ಗುಮಾಸ್ತ ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ, “ಪ್ರಾಣ ಉಳೀತು,” ಎಂದ. ಮೇಡಂ ಖುಷಿಯಾಗಿ ಟೈಲರಮ್ಮನ ಭುಜ ತಟ್ಟಿದರು.

“ಈ ಸಲ ಮಗಳನ್ನ ಕಂಪ್ಯೂಟರಿನ ಹತ್ತಿರ ಸೇರಿಸಲಿಲ್ಲ ತಾನೆ?”

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಇದಕ್ಕಿಂತ ಸುಲಭದ ಜಾಗ ಇನ್ನು ಸಿಗುವಂತಿರಲಿಲ್ಲ. ಟೈಲರಮ್ಮ ಬಾಯಿ ತೆರೆದಳು. ಮೇಡಂನ ನಗುಮುಖ ಕಂಡಿತು, ಮುಂದಿನ ವರ್ಷ ನಿಲುವಂಗಿಗಳನ್ನೂ ಅವಳಿಂದಲೇ ಹೊಲಿಸುವುದಾಗಿ ಮೇಡಂ ಹೇಳಿದ್ದು ನೆನಪಾಯಿತು, ಇಷ್ಟು ಜನರ ನಡುವೆ ಸುಳ್ಳುಗಾತಿಯಾಗಿ ನಿಲ್ಲುವ ತನ್ನದೇ ಮುಖವೂ ಕಂಡಿತು.

“ಇಲ್ಲ ಇಲ್ಲ ಮೇಡಂ,” ಎಂದು ನಕ್ಕಳು.

ಹಿಂದಿನ ಸಾಲಿನಲ್ಲಿ ಗುಂಡಿ ತನ್ನ ಕಾಲರಿಗೆ ತಾನೇ ಗುಂಡಿ ಹಾಕಿಕೊಂಡು ಹಾಡಿನ ಹಾಳೆ ಬಿಡಿಸಿದಳು. ಮೇಡಂ ಕೈ ಎತ್ತಿದರು, ಹಾಡು ಶುರುವಾಯಿತು.

ಮೆಷಿನ್ ಮೇಲೆ ಆಣೆ ಹಾಕಿ ಕೊಟ್ಟ ಮಾತನ್ನು ಟೈಲರಮ್ಮ ಉಳಿಸಿಕೊಳ್ಳಲಿಲ್ಲ.