ತಂಗಿಯ ತಪಾಸಣೆ

"ಈಗ ಒಂದು ಗಡಿಯಾರದ ಚಿತ್ರ ತಗೀರಿ. ಹನ್ನೊಂದು ಹತ್ತು ತೋರಸಬೇಕು," ಎಂದು ಡಾಕ್ಟರ್ ಸಂಪದಾ ಬಿಳಿ ಹಾಳೆಯೊಂದನ್ನು ಮುಂದಿಟ್ಟರು.

ಕಸ್ತೂರಿ ಪೆನ್ನು ಹಿಡಿದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ತಲೆ ಬೆಳ್ಳಗಾದವಳು. ಬೋರ್ಡಿನ ಮೇಲೆ ಕೈವಾರವಿಲ್ಲದೆ ದುಂಡಗೆ ವೃತ್ತ ಎಳೆಯುತ್ತಿದ್ದಳು. ಇವತ್ತು ಅಳೆದು ಅಳೆದು ಎಳೆದಳು. ಹೋದ ತಿಂಗಳು ಪಾಠ ಹೇಳುತ್ತಿದ್ದಾಗ ಸೋಡಿಯಂ ಎಂಬ ಹೆಸರೇ ಬಾಯಿಗೆ ಬರದೆ ಸುಮ್ಮನೆ ನಿಂತುಬಿಟ್ಟಿದ್ದಳು. ಮಕ್ಕಳು ನಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತ್ತು. ಅವ್ವ ದುಂಡವ್ವನಿಗೂ ಶುರುವಾದದ್ದು ಹೀಗೇ. ಮೊದಲು ಹೆಸರುಗಳು ಹೋದವು, ಆಮೇಲೆ ಮನೆಯ ದಾರಿ, ಕೊನೆಗೆ ಬಾಯಲ್ಲಿಟ್ಟ ತುತ್ತು ನುಂಗುವುದೂ ಮರೆತುಹೋಯಿತು. ಅವ್ವನ ತಾಯಿಗೂ ಹಾಗೇ ಆಗಿತ್ತಂತೆ. ಆಗ ಅದಕ್ಕೆ ಅರಳುಮರಳು ಎಂದು ಹೇಳಿ ಬಿಟ್ಟಿದ್ದರು.

ಗಡಿಯಾರ ಸರಿಯಾಗಿಯೇ ಬಂತು.

ಅವ್ವನ ಕಾಯಿಲೆಯನ್ನು ಹತ್ತಿರದಿಂದ ಕಂಡವರು ಯಾರಾದರೂ ಜೊತೆಗಿರಲಿ ಎಂದು ಡಾಕ್ಟರೇ ಹೇಳಿದ್ದರು. ಅದಕ್ಕೆ ಘೋಣಸಗಿಯಿಂದ ಅಣ್ಣ ತುಕಾರಾಮ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅರವತ್ತು ದಾಟಿದ ಗಟ್ಟಿ ಆಳು, ದ್ರಾಕ್ಷಿ ತೋಟದ ಒಡೆಯ.

"ಕಾಕಾ, ನಿಮ್ಮ ತಾಯಿಗೆ ಮರವು ಯಾವಾಗ ಶುರುವಾತ್ರಿ?"

ತುಕಾರಾಮ ಕಿವಿಗೆ ಕೈ ಹಚ್ಚಿದ. ಡಾಕ್ಟರು ಮತ್ತೊಮ್ಮೆ ಜೋರಾಗಿ ಕೇಳಿದರು.

"ಅಕಿಗೇನಾಗೇತ್ರಿ? ಗಟ್ಟಿ ಅದಾಳ. ಈಗೂ ನಸಿಕಿನ್ಯಾಗ ಎದ್ದು ಎಮ್ಮಿ ಹಿಂಡತಾಳ."

"ಅಣ್ಣಾ," ಕಸ್ತೂರಿ ಮೆಲ್ಲಗೆ ಅವನ ತೋಳು ಮುಟ್ಟಿದಳು. "ಅವ್ವ ಹೋಗಿ ನಾಕು ವರ್ಷ ಆತಲ್ಲ."

"ಹೌದೌದು, ಹೋಗ್ಯಾಳ. ಮಾತಿನ ಭರದಾಗ ಅಂದೆ," ಎಂದು ಅವನು ನಕ್ಕ.

ಡಾಕ್ಟರು ನಗಲಿಲ್ಲ. ಇನ್ನೊಂದು ಹಾಳೆ ಅವನ ಕಡೆ ಸರಿಸಿದರು. "ನೀವೂ ಒಂದು ಗಡಿಯಾರ ತಗೀರಿ ಕಾಕಾ, ನೋಡೂಣು."

"ನನ್ನದೇನೈತ್ರಿ? ಪೇಶಂಟ್ ಅಕಿ." ಆದರೂ ತೆಗೆದ. ವೃತ್ತ ಚೆನ್ನಾಗಿಯೇ ಬಂತು. ಹನ್ನೆರಡೂ ಅಂಕಿಗಳು ಬಲಗಡೆಗೇ ಒಂದರ ಮೇಲೊಂದು ಬಿದ್ದವು, ಎಡಗಡೆ ಖಾಲಿ ಉಳಿಯಿತು. ಮುಳ್ಳು ಎಲ್ಲಿ ಹಾಕಬೇಕೆಂದು ಪೆನ್ನು ಹಿಡಿದು ಬಹಳ ಹೊತ್ತು ನೋಡಿದ. "ಚಷ್ಮಾ ಬದಲ ಮಾಡಸಬೇಕಾಗೇತಿ," ಎಂದು ಪೆನ್ನು ಕೆಳಗಿಟ್ಟ.

ನರ್ಸು ಅವನನ್ನು ಬಿಪಿ ನೋಡಲು ಹೊರಗೆ ಕರೆದುಕೊಂಡು ಹೋದಳು.

"ನಿಮಗ ನಿದ್ದಿ ಕಡಿಮಿ, ರಕ್ತದಾಗ ವಿಟಮಿನ್ ಬಿ ಹನ್ನೆರಡೂ ಕಡಿಮಿ. ಅದನ್ನ ಸರಿ ಮಾಡಬಹುದು," ಎಂದರು ಡಾಕ್ಟರು. "ನಿಮ್ಮ ಅಣ್ಣಾರಿಗೆ ಮಾತ್ರ ಸ್ಕ್ಯಾನ್ ಮಾಡಿ ನೋಡಬೇಕ್ರಿ."

ಕಸ್ತೂರಿಗೆ ಮೊದಲು ಎದೆ ಹಗುರವಾಯಿತು. ಆ ಹಗುರಕ್ಕೇ ನಾಚಿಕೆಯಾಯಿತು.

"ಅವ್ವಂದ ಬಂತೇನ್ರಿ ಅವಗ?"

"ತಾಯಿಗಿತ್ತಂದ್ರ ಮಕ್ಕಳಿಗೆ ಬರೂ ಸಂಭವ ಜಾಸ್ತಿ, ಅಷ್ಟ. ಬರಾಕ ಬೇಕಂತೇನಿಲ್ಲ. ಅದರ ಮ್ಯಾಲ ಬ್ಯಾರೆ ಬ್ಯಾರೆ ಕಾರಣ ಬಂದು ಕೂಡತಾವು. ಬಿಪಿ ಐತೇನ್ರಿ? ತಂಬಾಕು? ತಲಿಗೆ ಯಾವಾಗರ ಪೆಟ್ಟು ಬಿದ್ದಿತ್ತೇನು?"

ಎಲ್ಲವೂ ಇತ್ತು, ಕಸ್ತೂರಿ ಒಂದೊಂದಾಗಿ ಹೇಳಿದಳು. ಬಿಪಿಗೆ ಗುಳಿಗೆ ಬರೆದುಕೊಟ್ಟರೂ ಅವನು ನುಂಗುತ್ತಿರಲಿಲ್ಲ. ಟಿಕೋಟಾ ಹತ್ತಿರ ಮೋಟರ್ ಸೈಕಲ್ಲಿನಿಂದ ಬಿದ್ದು ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದ. ವರ್ಷಗಟ್ಟಲೆ ಮೂಗಿಗೊಂದು ಬಟ್ಟೆಯನ್ನೂ ಕಟ್ಟದೆ ದ್ರಾಕ್ಷಿ ಬಳ್ಳಿಗೆ ಕೀಟದ ಔಷಧ ಹೊಡೆದಿದ್ದ. ಔಷಧ ಹೊಡೆಯುವ ಯಂತ್ರದ ಸಪ್ಪಳಕ್ಕೆ ಕಿವಿಯೂ ಮಂದವಾಗಿತ್ತು.

"ಬಳ್ಳಿಗೆ ಹೊಡಿಯೂ ಔಷಧಕ್ಕೂ ಸಂಬಂಧ ಇದ್ದಂಗ ಕಾಣತೈತ್ರಿ. ಕಿವಿ ಕೇಳದಿದ್ರೂ ಹಂಗ. ಖರೇ, ಇದರಿಂದನ ಬಂತು ಅಂತ ಒಂದಕ್ಕ ಬಟ್ಟು ಮಾಡಿ ಹೇಳಾಕ ಆಗೂದಿಲ್ಲ."

ಕಸ್ತೂರಿ ಅಣ್ಣನ ಜೊತೆ ತಾನೂ ಊರಿನ ಬಸ್ಸು ಹತ್ತಿದಳು. ಅಥಣಿ ರಸ್ತೆಯ ಹೊಸ ಮನೆಗಳು ಹಿಂದಾದ ಮೇಲೆ ತುಕಾರಾಮ ಅವಳ ಕೈಮೇಲೆ ಕೈಯಿಟ್ಟ.

"ಗಾಬರಿ ಆಗಬ್ಯಾಡ ಯವ್ವಾ. ನಿನಗ ನಾಳೆ ಏನರ ಆದ್ರ ನಾವದೀವಿ."

ಅವಳು ಆ ಕೈಯನ್ನು ಊರು ಬರುವವರೆಗೂ ಬಿಡಲಿಲ್ಲ.

ಮನೆಯಲ್ಲಿ ಅತ್ತಿಗೆ ಹೀರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿದ ಮೇಲೂ ಬಡಿಯುವ ಕೈ ನಿಲ್ಲಲಿಲ್ಲ.

"ಹೋದ ಹಂಗಾಮಿನ್ಯಾಗ ಇವರು ಟಾಕಿಯೊಳಗ ಒಂದ ಔಷಧ ಎರಡು ಸಲ ಹಾಕ್ಯಾರ. ಎಲಿ ಎಲ್ಲಾ ಸುಟ್ಟು ಹೋದ್ವು. ಅವತ್ತಿಂದ ನಾನ ಕಲಸತೀನಿ."

"ಯಾಕ ಹೇಳಲಿಲ್ಲ ವೈನಿ?"

"ಹೇಳಿದ್ರ ಖರೇ ಆಗತಿತ್ತು." ರೊಟ್ಟಿ ಹಂಚಿಗೆ ಬಿತ್ತು. "ನಿಮ್ಮ ಅವ್ವಂದು ನಾ ಎಲ್ಲಾ ಮಾಡೀನಿ. ಉಣಸೀನಿ, ಹೊಲಸು ಬಳದೀನಿ, ಊರ ಅಗಸಿತನಕ ಓಡಿಹೋಗಿ ಹಿಡಕೊಂಡು ಬಂದೀನಿ. ಹೊಟ್ಟೀಲೆ ಹುಟ್ಟಿದಾಕಿ ನೀ ಹಬ್ಬಕ್ಕ ಬಂದು ಹೋಗಾಕಿ. ಈಗ ಮತ್ತ ಮೊದಲಿಂದ ಅಂದ್ರ ನನ್ನ ಕಡಿಂದ ಆಗೂದಿಲ್ಲ ಕಸ್ತೂರಿ."

ಕಸ್ತೂರಿ ಯಾರ ರಕ್ತದಲ್ಲಿ ಏನು ಬಂದಿದೆಯೆಂದು ತಿಂಗಳಿಂದ ನಿದ್ದೆಗೆಟ್ಟಿದ್ದಳು. ರಕ್ತಸಂಬಂಧವೇ ಇಲ್ಲದ ಈ ಹೆಂಗಸಿನ ಪಾಲಿಗೆ ಏನು ಬಂದಿದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಊಟವಾದ ಮೇಲೆ ಅಣ್ಣನ ಎದುರಿಗೆ ಕೂತು ಗಟ್ಟಿಯಾಗಿ, ನೇರವಾಗಿ ಹೇಳಿದಳು. "ಅಣ್ಣಾ, ನನಗ ಏನೂ ಆಗಿಲ್ಲಂತ. ಮರವು ಶುರುವಾಗಿದ್ದು ನಿನಗ ಅಂತ ಡಾಕ್ಟರಿಗೆ ಸಂಶೆ ಬಂದೈತಿ."

ತುಕಾರಾಮ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಅವ್ವನಂಗನ?"

"ಗೊತ್ತಿಲ್ಲ. ಸ್ಕ್ಯಾನ್ ಮಾಡಸೂಣು. ಬಿಪಿ ಗುಳಿಗಿ ದಿನಾ ನುಂಗಬೇಕು, ಕಿವಿಗೆ ಮಷೀನ್ ಹಾಕ್ಕೋಬೇಕು, ತಂಬಾಕ ಬಿಡಬೇಕು. ಔಷಧ ಹೊಡಿಯೂದು ಇವತ್ತಿಗೆ ಬಂದ್."

ಅವನು, "ತೋಟದ ಚಾಟ್ನಿ ಹಂಗಾಮು ಬಂದೈತಲ್ಲ. ಬಳ್ಳಿ ಯಾರು ಕತ್ತರಸಬೇಕು?" ಎಂದ.

"ನೀನ ಕತ್ತರಸು. ನಾ ಪ್ರತಿ ಶನಿವಾರ ಸಾಲಿ ಬಿಟ್ಟಕೂಡಲೆ ಬಂದು ಸೋಮವಾರ ಹೋಗತೀನಿ. ಆ ದಿನ ನಿನ್ನ ಸಂಗಡ ನಾ ಇರತೀನಿ, ವೈನಿ ಅಲ್ಲ."

ಹೀರಾಬಾಯಿ ತಲೆಯೆತ್ತಿದಳು. ನಂಬಲೋ ಬೇಡವೋ ಎನ್ನುವಂತೆ ನಾದಿನಿಯನ್ನು ನೋಡಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ರವಿವಾರ ತೋಟದ ಮನೆಯ ಕಟ್ಟೆಯ ಮೇಲೆ ಹೀರಾಬಾಯಿ ಸೆರಗು ಮುಖಕ್ಕೆಳೆದುಕೊಂಡು ಹಾಡುಹಗಲೇ ಮಲಗಿದ್ದಳು. ತುಕಾರಾಮ ಕತ್ತರಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ನಡೆದಿದ್ದ. ಎಲ್ಲಿ ಕತ್ತರಿಸಬೇಕು, ಚಿಗುರೊಡೆಯುವ ಎಷ್ಟು ಕಣ್ಣು ಉಳಿಸಬೇಕು ಎಂಬುದಕ್ಕೆ ಅವನು ಒಮ್ಮೆಯೂ ತಡವರಿಸಲಿಲ್ಲ. ಕತ್ತರಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಹಿಂದಿನಿಂದ ಕಸ್ತೂರಿ ಬಿದ್ದ ಕಡ್ಡಿಗಳನ್ನು ಬಾಚುತ್ತ ಬಂದಳು.

ಸಾಲು ಮುಗಿಯಿತು. ತುಕಾರಾಮ ಬಯಲಿಗೆ ಬಂದು ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕತ್ತರಿ ಕೈಯಲ್ಲೇ ಉಳಿಯಿತು.

ಕಸ್ತೂರಿ ಕಡ್ಡಿಯ ಹೊರೆ ಕೆಳಗಿಟ್ಟು, ಅವನನ್ನು ದಾಟಿ ಹೋಗಿ ಮುಂದಿನ ಸಾಲಿನ ಮೊದಲ ಬಳ್ಳಿಯ ಹತ್ತಿರ ನಿಂತಳು. ಅವಳನ್ನು ಕಂಡು ಅವನು ಆ ಕಡೆ ತಿರುಗಿದ.