ಅಕ್ಕ ಹಿತ್ತಲು ಮಾಡಿದ ವರ್ಷ

ಅಕ್ಕ ಗಂಡನ ಮನೆ ಬಿಟ್ಟು ನನ್ನ ಬಾಡಿಗೆ ಮನೆಗೆ ಬಂದಾಗ ಅವಳ ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಮುರಿದವನು ಭಾವ. ಲಾರಿ ಓಡಿಸುತ್ತಿದ್ದ, ಊರಲ್ಲಿದ್ದ ದಿನಗಳಲ್ಲೆಲ್ಲ ಅವಳ ಮೇಲೆ ಕೈ ಮಾಡುತ್ತಿದ್ದ.

ನಾನು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ದಿನವಿಡೀ ಗೋಡೆ ನೋಡುತ್ತ ಕೂತಿರುತ್ತಿದ್ದ ಅಕ್ಕನನ್ನು ಪಕ್ಕದಲ್ಲೇ ಇದ್ದ ಮನೆ ಓನರ್ ಅಜ್ಜಿ ಒಂದು ದಿನ ಹಿತ್ತಲಿಗೆ ಎಳೆದುಕೊಂಡು ಹೋದರು.

"ಕಸ ಬಿದ್ದಿರೋ ಜಾಗ. ಏನಾದ್ರೂ ಹಾಕ್ಕೋ. ನಂಗೂ ಒಂದ್ ಬುಟ್ಟಿ ಕೊಟ್ರೆ ಆಯ್ತು" ಎಂದು ಸಲಿಕೆ ಕೊಟ್ಟರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಕ್ಕ ಅಗೆಯತೊಡಗಿದಳು. ಒಡೆದ ಬಾಟಲಿ, ಇಟ್ಟಿಗೆ ಚೂರು, ಯಾರದೋ ಚಪ್ಪಲಿ ಎಲ್ಲ ಮೇಲೆ ಬಂದವು. ಬೀನ್ಸ್, ಬದನೆ, ಟೊಮೆಟೊ, ಕುಂಬಳ ಹಾಕಿದಳು. ಬೀನ್ಸ್ ಮೊಳೆತ ದಿನ ನನ್ನ ಕಾರ್ಖಾನೆಯ ಗೇಟಿಗೇ ಬಂದು ಹೇಳಿದಳು.

ಆಮೇಲೆ ಹುಳ ಬಿದ್ದವು. ಅಕ್ಕನಿಗೆ ಕೊಲ್ಲಲು ಮನಸ್ಸು ಬರಲಿಲ್ಲ. ಒಂದೊಂದನ್ನೇ ಎಲೆಯ ಮೇಲಿಟ್ಟು ಕಾಂಪೌಂಡಿನಾಚೆ ಬಿಟ್ಟು ಬರುತ್ತಿದ್ದಳು.

"ಪುಕ್ಕಲೀ, ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಕಳಿಸ್ತೀಯಲ್ಲೇ! ತಿರುಗಿ ಬರ್ತವೆ" ಎಂದ ಅಜ್ಜಿ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಅಕ್ಕ ನಕ್ಕುಬಿಟ್ಟಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಹುಳಗಳು ನಿಜಕ್ಕೂ ತಿರುಗಿ ಬಂದವು. ಬದನೆ ಸಸಿಗಳಲ್ಲಿ ಬರೀ ಕಡ್ಡಿ ಉಳಿಯಿತು. ಅಂದು ಅಕ್ಕ ಮೊದಲ ಹುಳವನ್ನು ಬೆರಳ ನಡುವೆ ಹೊಸಕಿದಳು. ಹಸಿರು ರಸ ಅಂಗೈಗೆ ಇಳಿಯಿತು. ಮೂಲೆಗೆ ಹೋಗಿ ವಾಂತಿ ಮಾಡಿದಳು. ಬರಬರುತ್ತ ನನ್ನ ಹತ್ತಿರ ಮಾತಾಡುತ್ತಲೇ ಹೊಸಕುವಷ್ಟು ಪಳಗಿದಳು. ಬಸವನಹುಳುಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ನೊರೆ ಬರುವುದನ್ನು ನೋಡುತ್ತ ನಿಲ್ಲುತ್ತಿದ್ದಳು.

ಕುಂಬಳದ ಬುಡದಲ್ಲಿ ಹೆಗ್ಗಣ ಬಿಲ ತೋಡಿತ್ತು. ಒಂದು ಸಂಜೆ ನಾನು ಮನೆಗೆ ಬಂದಾಗ ಅಕ್ಕ ನಲ್ಲಿಯ ಕೆಳಗೆ ಸಲಿಕೆ ತೊಳೆಯುತ್ತಿದ್ದಳು. ನೀರು ಕೆಂಪಗೆ ಹರಿಯುತ್ತಿತ್ತು.

"ಬಿಲಕ್ಕೆ ನೀರು ಹೊಯ್ದೆ. ಆ ಕಡೆಯಿಂದ ಈಚೆ ಬಂತು. ಒಂದೇಟಿಗೆ ಸಾಯಲಿಲ್ಲ ಕಣೇ, ಇನ್ನೊಂದು ಹಾಕ್ಬೇಕಾಯ್ತು" ಎಂದಳು, ಸಾರಿಗೆ ಉಪ್ಪು ಹಾಕಿದ್ದನ್ನು ಹೇಳುವಂತೆ.

ಟೊಮೆಟೊ ಕೆಂಪಾಗುವ ಹೊತ್ತಿಗೆ ಭಾವ ಬಂದ. ರಜೆಯ ದಿನ, ನಾನು ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದೆ. ಹಿತ್ತಲಲ್ಲಿ ಅವನ ದನಿ ಕೇಳಿ ಓಡಿದೆ. ಅವನ ಕೈಯಲ್ಲಿ ಲಾರಿಯ ಜಾಕ್ ರಾಡಿತ್ತು.

"ಸಾಕು ನಿನ್ನ ಆಟ. ಮನೆಗೆ ನಡಿ."

"ಬರಲ್ಲ" ಎಂದಳು ಅಕ್ಕ.

ಅವನು ಬೀನ್ಸ್ ಚಪ್ಪರಕ್ಕೆ ರಾಡು ಬೀಸಿದ. ಗಳಗಳು ಲಟಲಟನೆ ಮುರಿದವು. ಟೊಮೆಟೊ ಸಾಲನ್ನು ಬೂಟಿನಲ್ಲಿ ತುಳಿದ. ಕುಂಬಳಕಾಯಿಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಅಕ್ಕ ಮಿಸುಕದೆ ನೋಡುತ್ತಿದ್ದಳು. "ಭಾವ, ಬಿಡಿ!" ಎಂದು ನಾನು ಅಡ್ಡ ಹೋದೆ. ರಾಡು ನನ್ನ ಹೆಗಲಿಗೆ ಬಿತ್ತು. ಒಳಗೆ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಮತ್ತೆ ಚಿಗುರಿದ್ದ ಬದನೆ ಗಿಡಗಳ ಮೇಲೆ ಬಿದ್ದೆ.

ಅಕ್ಕ ಸಲಿಕೆ ಎತ್ತಿಕೊಂಡದ್ದು ಆಗ. ಮೊದಲ ಏಟು ಅವನ ಮೊಣಕಾಲಿಗೆ. ಅವನು ಕುಸಿದ. ಎರಡನೆಯದು ರಾಡು ಹಿಡಿದ ಕೈಗೆ, ಸಲಿಕೆಯ ಅಂಚಿನಿಂದ. ಅವನ ಎರಡು ಬೆರಳು ಮಣ್ಣಿಗೆ ಬಿದ್ದವು.

"ಬೇಡ ಕಣೇ, ಸಾಕು, ದಮ್ಮಯ್ಯ" ಎಂದ. ಇದೇ ಮಾತನ್ನು ಅವನ ಮುಂದೆ ಅಕ್ಕ ಎಷ್ಟು ಸಲ ಆಡಿದ್ದಳೋ.

ಅವಳು ಸಲಿಕೆಯನ್ನು ಅವನ ತಲೆಯ ಮೇಲಕ್ಕೆ ಎತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲಿಗೆ ಹೊಡೆದರೆ ಸರಿ ಎಂದು ನೋಡುತ್ತಿದ್ದಳು, ಅಷ್ಟೆ. ನಾನು ತೆವಳಿ ಹೋಗಿ ಅವಳ ಕಾಲನ್ನು ಅಪ್ಪಿಕೊಂಡೆ. ಗೋಡೆಯಾಚೆಯಿಂದ ಅಜ್ಜಿ ಕಿರುಚಿದರು: "ಬಿಡೇ! ಸತ್ತರೆ ನಿನ್ನ ತಲೆಗೇ ಬರುತ್ತೆ!"

ಸಲಿಕೆ ನಿಧಾನವಾಗಿ ಕೆಳಗಿಳಿಯಿತು.

ಪೊಲೀಸರು ಬಂದರು, ಆಂಬುಲೆನ್ಸ್ ಬಂತು. ಭಾವ ಬದುಕಿದ, ಆದರೆ ಮತ್ತೆ ಲಾರಿ ಹತ್ತಲಿಲ್ಲ. ಕೇಸು ನಡೆಯಿತು. ಅಜ್ಜಿ ಕೋಲೂರಿಕೊಂಡು ಕೋರ್ಟಿಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದೆಂದು ಅಕ್ಕನನ್ನು ಬಿಟ್ಟರು. ಆಮೇಲೆ ಅವಳು ಅವನಿಂದ ಬಿಡುಗಡೆಯನ್ನೂ ಪಡೆದಳು.

ತೀರ್ಪಿಗೂ ಮೊದಲು ನಮ್ಮ ಲಾಯರಮ್ಮ ತಮ್ಮ ಆಫೀಸಿನಲ್ಲಿ ಅಕ್ಕನನ್ನು ಕೇಳಿದ್ದರು: "ಅವರು ಬಿದ್ದ ಮೇಲೂ ಸಲಿಕೆ ಎತ್ತಿದ್ದು ಭಯದಿಂದ, ಅಲ್ವಾ?"

"ಹೂಂ ಮೇಡಂ, ಭಯ" ಎಂದಿದ್ದಳು ಅಕ್ಕ.

ಈಚೆ ಬಂದು ಮೆಟ್ಟಿಲಿಳಿಯುವಾಗ ನನ್ನ ಕಡೆ ತಿರುಗದೆಯೇ ಹೇಳಿದಳು: "ಭಯ ಎಲ್ಲಿತ್ತೇ? ನೀನು ಕಾಲು ಹಿಡೀದೇ ಇದ್ದಿದ್ರೆ ಮುಗಿಸ್ಬಿಡ್ತಿದ್ದೆ."

ಅವಳು ರಸ್ತೆಗಿಳಿದು ಬಸ್ಸಿಗೆ ಕೈ ಅಡ್ಡ ಹಿಡಿದಳು.