ಎರಡನೆಯ ರೀಲು, ಮೂರನೆಯ ರೀಲು

ತುಳಸಾಬಾಯಿ ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದರು. 1979ರಲ್ಲಿ ಇಂಗ್ಲಿಷ್ ಅಧ್ಯಾಪಕ ಗುರುರಾಜ ಊರಲ್ಲಿ ಫಿಲ್ಮ್ ಸೊಸೈಟಿ ಶುರುಮಾಡಿದಾಗ ತುಳಸಾಬಾಯಿಯ ಗಂಡ ನಾರಾಯಣರಾವ್ ಮುಲಾಜಿಗೆ ಬಿದ್ದು ಸದಸ್ಯರಾದರು. ಮೊದಲ ಚಿತ್ರಕ್ಕೇ ಗೊರಕೆ ಹೊಡೆದು, ಅಕ್ಕಪಕ್ಕದವರಿಂದ ತಿವಿಸಿಕೊಂಡು ಮನೆಗೆ ಬಂದವರು, ಸದಸ್ಯತ್ವದ ಕಾರ್ಡನ್ನು ಹೆಂಡತಿಯ ಕೈಗಿಟ್ಟು ಕೈತೊಳೆದುಕೊಂಡರು.

ತುಳಸಾಬಾಯಿ ತಿಂಗಳಿಗೊಂದು ರವಿವಾರ ಬೆಳಿಗ್ಗೆ ಹತ್ತಕ್ಕೆ ತಪ್ಪದೆ ಹೋದರು. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ ಸಭಾಗೃಹ, ಮಡಚುವ ಕಬ್ಬಿಣದ ಕುರ್ಚಿ, ಹಿಂದೆ ಕಿರಗುಡುವ ಯಂತ್ರ. ಬರುವ ಚಿತ್ರಗಳೆಲ್ಲ ಹದಿನೈದಿಪ್ಪತ್ತು ವರ್ಷ ಹಿಂದಿನವು. ಫ್ರಾನ್ಸು, ಇಟಲಿ, ಸ್ವೀಡನ್ನಿನವು. ನೋಡಿ ಬಂದ ಮಧ್ಯಾಹ್ನವೆಲ್ಲ ಅವರಿಗೆ ಸಿಟ್ಟು.

"ಅಲ್ರೀ, ಇಷ್ಟು ದೊಡ್ಡ ಬಂಗಲೇದಾಗ ಇರ್ತಾರ, ಒಬ್ಬರೂ ಅಡಗಿ ಮಾಡೂದಿಲ್ಲ, ಅರಿವಿ ಒಗಿಯೂದಿಲ್ಲ! ಬರೇ ಗ್ವಾಡಿ ನೋಡ್ಕೋತ ನಿಂದರ್ತಾರ. ಆ ಬಾಯಿ ಅಳ್ಳಿಕ್ಕ ಹತ್ಯಾಳ, ಗಂಡಸು ಕಿಡಕ್ಯಾಗಿಂದ ಸಮುದ್ರ ನೋಡ್ತಾನ. ಯಾಕ ಅಳ್ತೀ ಅಂತ ಒಂದು ಮಾತು ಕೇಳಿದ್ರ ಅವನ ಗಂಟೇನು ಹೋಗ್ತಿತ್ತು?"

"ಸೇರದಿದ್ದರ ಹೋಗಬ್ಯಾಡ," ಎನ್ನುತ್ತಿದ್ದರು ನಾರಾಯಣರಾವ್.

"ಸೇರೂದಿಲ್ಲ ಅಂತ ಯಾರಂದ್ರು?"

ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ಮುಗಿಸುವಷ್ಟು ವೇಗ ತುಳಸಾಬಾಯಿಗೆ ಇರಲಿಲ್ಲ. ಹಾಗಾಗಿ ಅವರು ಕೈಗಳನ್ನು ನೋಡುತ್ತಿದ್ದರು. ಯಾರು ಏನು ಹಿಡಿದರು, ಏನು ಇಟ್ಟರು, ಯಾವ ಗುಂಡಿ ಹಾಕಿಕೊಳ್ಳಲಿಲ್ಲ ಎಂಬುದೆಲ್ಲ ಅವರಿಗೆ ನೆನಪಿರುತ್ತಿತ್ತು.

ಆಗಸ್ಟಿನಲ್ಲಿ ಇಟಲಿಯ ಒಂದು ಕಪ್ಪುಬಿಳುಪು ಚಿತ್ರ ಬಂತು. ನಾಲ್ಕು ರೀಲಿನದು. ಸಣ್ಣ ಬಂದರಿನ ಊರು, ಒಬ್ಬ ಹೆಂಗಸು, ಅವಳ ಗಂಡ. ಮೊದಲ ರೀಲಿನ ಕೊನೆಗೆ ಯಾರೋ ಬಾಗಿಲು ಬಡಿದರು. ಹೆಂಗಸು ತೆಗೆಯಲು ಎದ್ದಳು. ಮುಂದಿನ ರೀಲಿನಲ್ಲಿ ಬಾಗಿಲೇ ಇಲ್ಲ. ಗಂಡ ಹೊಸ ಸ್ವೆಟರ್ ತೊಟ್ಟು ಹಡಗುಕಟ್ಟೆಯ ಮೇಲೆ ನಡೆಯುತ್ತಿದ್ದಾನೆ, ಹೆಂಗಸಿನ ಕೂದಲು ಗಿಡ್ಡವಾಗಿದೆ, ಇಬ್ಬರೂ ಮಾತು ಬಿಟ್ಟಿದ್ದಾರೆ. ಅದರ ಮುಂದಿನ ರೀಲಿನಲ್ಲಿ ಅವಳಿಗೆ ಮತ್ತೆ ಉದ್ದನೆಯ ಕೂದಲು. ಬಾಗಿಲು ತೆರೆದಳು. ಅಂಚೆಯವನು ಉಣ್ಣೆಯ ಗಂಟು ಕೊಟ್ಟ. ಸ್ವೆಟರ್ ಹೆಣೆಯಲು ಕೂತಳು.

ಚಿತ್ರ ಮುಗಿದ ಮೇಲೆ ಗುರುರಾಜ ಎದ್ದು ನಿಂತು ಮಾತಾಡಿದರು. "ಇಲ್ಲಿ ಕಾಲ ಸರಳರೇಖೆಯಲ್ಲಿ ಚಲಿಸುವುದಿಲ್ಲ. ನಿರ್ದೇಶಕ ಉದ್ದೇಶಪೂರ್ವಕವಾಗಿ ಕಾಲವನ್ನು ಒಡೆದಿದ್ದಾನೆ. ವಿರಹ ಮೊದಲು, ಪ್ರೇಮ ನಂತರ."

ತುಳಸಾಬಾಯಿ ಕೈಯೆತ್ತಿದರು. "ಸರ್, ರೀಲು ಹಿಂದಮುಂದ ಆಗ್ಯಾವ."

ಯಾರೋ ಕಿಸಕ್ಕೆಂದರು.

"ಅಕ್ಕೋರ, ಇದು ಆಧುನಿಕ ಸಿನಿಮಾ," ಎಂದರು ಗುರುರಾಜ, ಮುಗುಳ್ನಗುತ್ತ. "ನೆನಪು ಹಿಂದಕ್ಕ ಹೋಗ್ತದ."

"ನೆನಪು ಹೋಗಲಿ ಸರ್. ಬಾಗಲಾ ಬಡದದ್ದು ಮೊದಲನೇ ರೀಲಿನ್ಯಾಗ, ತಗದದ್ದು ಅರ್ಧಾ ತಾಸಿನ ಮ್ಯಾಲೆ. ಅಲ್ಲೀತನಕಾ ಆ ಪೋಸ್ಟಮನ್ ಹೊರಗ ನಿಂತಿದ್ನೇನು? ಆಮ್ಯಾಲೆ ಸ್ವೆಟರ್. ಎರಡನೇ ಜಡಿ ಉಲ್ಟಾ ತಿರುವ್ಯಾಳ ಆಕಿ, ತಪ್ಪು ಮಾಡ್ಯಾಳ. ಗಂಡನ ಮೈಮ್ಯಾಲೆ ಅದೇ ತಪ್ಪು ಅದ. ಅಂದರ ಅದೇ ಸ್ವೆಟರು. ಮೊದಲ ಹೆಣೀಬೇಕಲ್ಲ, ಆಮ್ಯಾಲೆ ಹಾಕ್ಕೋಬೇಕು!"

ಈಗ ಇಡೀ ಸಭಾಗೃಹ ನಕ್ಕಿತು. ಗುರುರಾಜರೂ ನಕ್ಕರು. "ಸಿನಿಮಾ ಹೊಲಿಗಿ ಕ್ಲಾಸಲ್ಲ, ಅಕ್ಕೋರ," ಎಂದು ಮಾತು ಮುಗಿಸಿದರು.

ತುಳಸಾಬಾಯಿ ಸಿಟ್ಟಿನಲ್ಲಿ ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಹೊರಗೆ ಬಂದರು.

ಗುರುವಾರ ಸೊಸೈಟಿಯ ಪತ್ರಿಕೆ ಬಂತು. ಸೈಕ್ಲೋಸ್ಟೈಲ್ ಮಾಡಿದ ಎರಡು ಹಾಳೆ. ಒಡೆದ ಕಾಲದ ಬಗ್ಗೆ ಗುರುರಾಜರ ಉದ್ದನೆಯ ಲೇಖನ. ಕೊನೆಯ ಮೂರು ಸಾಲು ಹೀಗಿದ್ದವು: "ನಮ್ಮ ಒಬ್ಬ ಮಹಿಳಾ ಸದಸ್ಯರಿಗೆ ಜಗತ್ತಿನ ಶ್ರೇಷ್ಠ ಕಲಾಕೃತಿಯಲ್ಲಿ ಕಂಡದ್ದು ಒಂದು ಸ್ವೆಟರ್ ಮಾತ್ರ. ಇಂಥವರಿಗಾಗಿ ಬೇರೆ ಟಾಕೀಸುಗಳಿವೆ."

ಅಡುಗೆಮನೆಯಲ್ಲಿ ನಿಂತುಕೊಂಡೇ ಅದನ್ನು ಎರಡು ಸಲ ಓದಿದರು. ಮರುದಿನ ಆ ಹಾಳೆಯನ್ನೇ ಮಡಚಿ ಶಾಲೆಗೆ ಒಯ್ದರು.

ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಸಾಬಣ್ಣ ಗೇಟಿನ ಹತ್ತಿರ ನಿಂತಿದ್ದ. ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್; ಸೊಸೈಟಿಯ ಚಿತ್ರಗಳನ್ನೂ ಅವನೇ ಓಡಿಸುತ್ತಿದ್ದ. ಕೈಯಲ್ಲಿದ್ದ ಟೋಪಿಯನ್ನು ಹಿಚುಕುತ್ತ ಹೇಳಿದ:

"ಅಕ್ಕೋರ, ನೀವು ಅಂದದ್ದು ಖರೆ ಐತ್ರಿ. ಹಿಂದಿನ ಊರಾಗ ಯಾರೋ ಎರಡನೇ ರೀಲ ಮೂರನೇ ಡಬ್ಬ್ಯಾಗ ಇಟ್ಟಿದ್ರು. ಸುತ್ತೂ ಮುಂದ ರೀಲಿನ ತುದಿಗೆ ನಂಬರ್ ಕಾಣಿಸ್ತು. ಎರಡೂ ತಮ್ಮ ತಮ್ಮ ಡಬ್ಬ್ಯಾಗ ಹಾಕಿ, ಅವತ್ತ ಮಧ್ಯಾಹ್ನನ ಸರ್‌ಗೆ ಹೋಗಿ ಹೇಳೇನ್ರಿ."

"ಅವತ್ತೇ? ಐತವಾರನ?"

"ಹೂನ್ರಿ. ಯಾರ ಮುಂದೂ ಆಡಬ್ಯಾಡ ಅಂದ್ರು."

ತುಳಸಾಬಾಯಿ ಮಡಚಿ ತಂದಿದ್ದ ಹಾಳೆಯನ್ನು ಮತ್ತೆ ಬಿಚ್ಚಿ ನೋಡಿದರು. ಗುರುರಾಜ ಗೊತ್ತಿಲ್ಲದೆ ನಕ್ಕಿದ್ದರೆ ಅದು ಬೇರೆ ಮಾತು. ಗೊತ್ತಿದ್ದೂ ಕೂತು ಬರೆದಿದ್ದರು. ಮಸಿ ಬಳಿದು ನೂರು ಪ್ರತಿ ಒತ್ತಿಸಿದ್ದರು.

"ಇನ್ನೂ ಐತ್ರಿ," ಎಂದ ಸಾಬಣ್ಣ. "ಈ ಐತವಾರ ಅದೇ ಚಿತ್ರ ಬನಹಟ್ಟಿಗಿ ಹೊಂಟೈತಿ. ನೇಕಾರ ಮಂದಿ ವಾಚನಾಲಯದಾಗ ತೋರಸಾಕತ್ತಾರ. ಭಾಷಣ ಸರ್ರದ. ಅವರು ಲೇಖನ ಬರದಬಿಟ್ಟಾರಲ್ರಿ, ಅದಕ್ಕ ಜಮಖಂಡ್ಯಾಗ ಹ್ಯಾಂಗ ಓಡಿಸಿದ್ದೆ ಹಂಗ ಓಡಸು ಅಂತಾರ. ತಪ್ಪಂತ ಗೊತ್ತಿದ್ದೂ ನಾ ಹ್ಯಾಂಗ ಓಡಸಲಿ? ಇಪ್ಪತ್ತು ವರ್ಷ ಆತು ಈ ಕೆಲಸಕ್ಕ. ಓಡಸಲಿಲ್ಲಂದ್ರ ಮುಂದ ನನ್ನ ಕರಿಯೂದಿಲ್ಲ."

"ನೀ ಸರಳ ಓಡಸು, ಸಾಬಣ್ಣ. ನಾ ಬರ್ತೀನಿ. ನಿನ್ನ ಬಾಜೂಕ ನಿಂದರ್ತೀನಿ."

ಮನೆಯಲ್ಲಿ ನಾರಾಯಣರಾವ್ ತಲೆಯಾಡಿಸಿದರು. "ಸಿನಿಮಾ ಸಲುವಾಗಿ ಯಾರರ ಊರೂರು ಹೋಗಿ ಜಗಳಾ ತಗೀತಾರೇನ?"

"ಸಿನಿಮಾ ಸಲುವಾಗಿ ಅಲ್ಲ. ಸುಳ್ಳಿನ ಸಲುವಾಗಿ."

ರವಿವಾರ ಬೆಳಗಿನ ಬಸ್ಸಿಗೆ ಅವರು ಬನಹಟ್ಟಿಗೆ ಹೋದರು. ವಾಚನಾಲಯದ ಕೋಣೆಯಲ್ಲಿ ಜಮಖಾನೆ ಹಾಸಿದ್ದರು. ಐವತ್ತು-ಅರವತ್ತು ನೇಕಾರರು, ಗೋಡೆಯ ಪಕ್ಕ ಹತ್ತಾರು ಹೆಂಗಸರು. ವಾಚನಾಲಯ ನಡೆಸುವ ಪರಸಪ್ಪ ಹಾರ ಹಾಕಿ ಗುರುರಾಜರನ್ನು ಸ್ವಾಗತಿಸಿದ. ಯಂತ್ರದ ಪಕ್ಕ ನಿಂತಿದ್ದ ತುಳಸಾಬಾಯಿಯನ್ನು ಕಂಡು ಗುರುರಾಜರ ಮುಖ ಒಂದಿಷ್ಟು ಬಿಗಿಯಾಯಿತು. ಆದರೂ ಒಡೆದ ಕಾಲದ ಭಾಷಣವನ್ನೇ ಮಾಡಿದರು. ಮುಗಿಸಿ ಸಾಬಣ್ಣನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನೆನಪದ ಅಲ್ಲ?" ಎಂದರು.

ಮೊದಲ ರೀಲು ಮುಗಿಯಿತು. ಬಾಗಿಲು ಬಡಿದ ಸದ್ದು. ಸಾಬಣ್ಣನ ಕೈ ಡಬ್ಬಿಗಳ ಮೇಲೆ ತಡೆಯಿತು. ತುಳಸಾಬಾಯಿ ಎರಡನೆಯ ಡಬ್ಬಿಯನ್ನು ಎತ್ತಿ ಅವನ ಕೈಗೆ ಕೊಟ್ಟರು.

ತೆರೆಯ ಮೇಲೆ ಬಾಗಿಲು ತೆರೆಯಿತು.

ಈ ಸಲ ಚಿತ್ರ ನೆಟ್ಟಗೆ ನಡೆಯಿತು. ಉಣ್ಣೆ ಬಂತು. ಹೆಂಗಸು ಹೆಣೆದಳು, ಹೆಣಿಗೆಯ ಜಡೆ ತಪ್ಪಿದಾಗ ಪಕ್ಕದಲ್ಲಿ ಕೂತ ಗಂಡನ ಮಾತಿಗೆ ನಗುತ್ತಿದ್ದಳು. ಆ ನಗುವಿಗೇ ಕೈ ತಪ್ಪಿದ್ದು ಎಂಬುದು ತುಳಸಾಬಾಯಿಗೆ ಈಗ ಕಂಡಿತು. ಆಮೇಲೆ ಅವನು ಅದನ್ನು ತೊಟ್ಟ. ಆಮೇಲೆ ಇಬ್ಬರ ನಡುವೆ ಏನೋ ಕೆಟ್ಟಿತು, ಅವಳು ಕೂದಲು ಕತ್ತರಿಸಿಕೊಂಡಳು. ಕೊನೆಗೆ ಅವನು ಹಡಗು ಹತ್ತುವಾಗ ಸ್ವೆಟರನ್ನು ಬೆಂಚಿನ ಮೇಲೆ ಬಿಟ್ಟು ಹೋದ.

ಬೆಳಕು ಬಂದಾಗ ಪರಸಪ್ಪ ಕೇಳಿದ, "ಸರ್, ಟೈಮು ಹಿಂದಕ್ಕ ಹೋಗ್ತೈತಿ ಅಂದ್ರಿ. ಸರಳನ ಹೋತಲ್ರಿ? ನಮಗ ಎಲ್ಲೂ ಒಡದದ್ದು ಕಾಣಲಿಲ್ಲ."

ಗುರುರಾಜ ಕನ್ನಡಕ ಒರೆಸಿದರು. "ಇದು ಬೇರೆ ಪ್ರತಿ ಇರಬೇಕು. ಕೆಲವು ದೇಶದಾಗ ವಿತರಕರು ಬದಲಾಯಿಸ್ತಾರ."

"ಸುಳ್ಳು!" ತುಳಸಾಬಾಯಿಯ ದನಿ ಅವರಿಗೇ ದೊಡ್ಡದೆನಿಸಿತು. "ಅದೇ ಪ್ರತಿ, ಅದೇ ಡಬ್ಬಿ. ಅಲ್ಲಿ ರೀಲು ತಪ್ಪಿದ್ದು ನಿಮಗ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ನನ್ನ ಮ್ಯಾಲೆ ಬರದ್ರಿ. ಇವತ್ತ ಇವರಿಗೂ ತಪ್ಪೇ ತೋರಸ್ಲಿಕ್ಕ ಹೊಂಟಿದ್ರಿ. ಇವರಿಗೇನು ಕಣ್ಣಿಲ್ಲೇನು? ದಿನಾ ನೂಲು ಹಿಡಿಯೋ ಮಂದಿ!"

ಮಡಚಿ ತಂದಿದ್ದ ಪತ್ರಿಕೆ ಬಿಚ್ಚಿ ಆ ಮೂರು ಸಾಲನ್ನು ಗಟ್ಟಿಯಾಗಿ ಓದಿದರು. ಯಾರೂ ನಗಲಿಲ್ಲ. ಪರಸಪ್ಪ ಸಾಬಣ್ಣನ ಕಡೆ ತಿರುಗಿ, "ಖರೆ ಏನೋ?" ಎಂದ. ಸಾಬಣ್ಣ ಹೌದೆಂದು ತಲೆಯಾಡಿಸಿದ.

ಗುರುರಾಜ ಒರೆಸಿದ ಕನ್ನಡಕ ಹಾಕಿಕೊಂಡರು. "ಅಕ್ಕೋರು ಹೇಳೂದು ಖರೆ ಅದ," ಎಂದರು. ಜಮಖಾನೆಯ ಮೇಲೆ ಕೂತರು. ಗೋಡೆ ಪಕ್ಕದ ಸಾತವ್ವ ಎಂಬ ಮುದುಕಿ ಮಾತು ತೆಗೆದಳು: "ಅದೆಲ್ಲಾ ಇರಲಿ. ಆ ಭಾಡ್ಯಾ ಸ್ವೆಟರ್ ಯಾಕ ಬಿಟ್ಟು ಹ್ವಾದ?" ಅದಕ್ಕೆ ಎಲ್ಲರೂ ಒಟ್ಟಿಗೆ ಉತ್ತರ ಕೊಡತೊಡಗಿದರು, ಚಳಿಯಿಲ್ಲದ ಊರಿಗೆ ಹೊರಟಿದ್ದ ಎಂದು ಒಬ್ಬ, ಅವಳ ನೆನಪೇ ಬೇಡವಾಗಿತ್ತು ಎಂದು ಇನ್ನೊಬ್ಬ. ಬನಹಟ್ಟಿಯ ಮಂದಿ ಒಂದು ತಾಸು ಜಗಳಾಡಿದರು.

ಮರಳುವ ಬಸ್ಸಿನಲ್ಲಿ ತುಳಸಾಬಾಯಿಯ ಸಿಟ್ಟು ಗುರುರಾಜರಿಂದ ಆ ಇಟಲಿಯ ನಿರ್ದೇಶಕನ ಕಡೆಗೆ ತಿರುಗಿತ್ತು. "ಬೆಂಚಿನ ಮ್ಯಾಲೆ! ಎಷ್ಟು ದಿನಾ ಹೆಣದಿರಬೇಕು ಆಕಿ. ಆ ಚಿತ್ರಾ ತಗದಾಂವ ಒಮ್ಮೆರೆ ಹೆಣಿಗಿ ಕಡ್ಡಿ ಹಿಡದು ಕೂತಿದ್ರ ಹಂಗ ಬಿಡಸ್ತಿರಲಿಲ್ಲ." ಪಕ್ಕದ ಸಾಬಣ್ಣನಿಗೆ ಹೇಳುತ್ತಲೇ ಕಣ್ಣು ತುಂಬಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟಾದರು.

ಮುಂದಿನ ಪತ್ರಿಕೆಯ ಸ್ಟೆನ್ಸಿಲ್ ಹೊಡೆಯುವ ದಿನ ಗೊತ್ತು ಮಾಡಿಕೊಂಡು ಗುರುರಾಜರ ಮನೆಗೆ ಹೋದರು. ಅವರು ಟೈಪ್ ಮಾಡಿಟ್ಟಿದ್ದರು: "ತಾಂತ್ರಿಕ ಕಾರಣದಿಂದ ಕಳೆದ ಪ್ರದರ್ಶನದಲ್ಲಿ ರೀಲುಗಳ ಕ್ರಮ ವ್ಯತ್ಯಾಸವಾಗಿತ್ತು. ವಿಷಾದಿಸುತ್ತೇವೆ."

"ಯಾರು ಹೇಳಿದ್ರು ಅದನ್ನ? ಹೆಸರಿಲ್ಲೇನು ನಮಗ?" ಎಂದರು ತುಳಸಾಬಾಯಿ. "ಬೈಲಿಕ್ಕ ಮೂರು ಸಾಲು, ತಪ್ಪಾತು ಅನ್ಲಿಕ್ಕ ಎರಡೇ?"

"ಸ್ಟೆನ್ಸಿಲ್ ಹೊಡದು ಆಗ್ಯದ, ಅಕ್ಕೋರ."

"ಇನ್ನೊಂದು ಹೊಡೀರಿ. ನಾ ಕೂಡ್ತೀನಿ."

ಕೂತರು. ಗುರುರಾಜರ ಹೆಂಡತಿ ಚಹಾ ತಂದಿಟ್ಟಳು. ಗಂಡನ ಕಡೆ ನೋಡಿ ಒಳಗೆ ಹೋದಳು. ಗುರುರಾಜ ಹೊಸ ಹಾಳೆ ಏರಿಸಿದರು. ರೀಲು ತಪ್ಪಿದ್ದನ್ನು ಮೊದಲು ಗುರುತಿಸಿದವರು ತುಳಸಾಬಾಯಿ, ಖಚಿತಪಡಿಸಿದವನು ಸಾಬಣ್ಣ, ತಿಳಿದೂ ಮುಚ್ಚಿಟ್ಟವನು ನಾನು ಎಂದು ಟೈಪ್ ಮಾಡಿದರು. ಕೊನೆಯ ಮಾತಿನಲ್ಲಿ ಬೆರಳು ನಿಧಾನವಾಗಿತ್ತು, ಆದರೆ ನಿಲ್ಲಲಿಲ್ಲ.

ತುಳಸಾಬಾಯಿ ಎಲ್ಲವನ್ನೂ ಓದಿ ನೋಡಿ, ಆರಿದ ಚಹಾ ಕುಡಿದು ಎದ್ದರು.

"ಈ ಸಲ ಯಾವ ದೇಶದ್ದು ತರ್ಸೀರಿ?" ಎಂದು ಕೇಳಿದರು ಹೊಸ್ತಿಲಲ್ಲಿ.

"ಸ್ವೀಡನ್."

"ಮತ್ತ ಗ್ವಾಡಿ ನೋಡ್ಕೋತ ನಿಂದರೂ ಮಂದಿ," ಎಂದು ಗೊಣಗುತ್ತ ಮೆಟ್ಟಿಲಿಳಿದರು.